ಬೀಜದ ಪಾಠಕ್ಕೆ ಮಕ್ಕಳ ಕೈಗೆ ಅವರೆಕಾಳು ಕೊಡಿ

ಸಂಪಾದಕರಿಗೆ ನಮಸ್ಕಾರ.

ಮೊನ್ನೆ ನನ್ನ ಮಗಳು ಪುಸ್ತಕ ನೋಡಿಕೊಂಡು ಬೀಜದ ಚಿತ್ರವನ್ನು ಐದು ಸಲ ಬರೆಯುತ್ತಾ ಕೂತಿದ್ದಳು. ಹೋಂವರ್ಕ್ ಅಂತೆ. ಬೀಜಕವಚ, ಬೀಜದಳ, ಭ್ರೂಣ ಎಲ್ಲವೂ ಬಾಯಿಪಾಠ. ಪಕ್ಕದಲ್ಲೇ ನಾನು ಸಾರಿಗೆ ಅಂತ ರಾತ್ರಿ ನೆನೆಸಿದ್ದ ಅವರೆಕಾಳನ್ನು ಹಿತಕುತ್ತಿದ್ದೆ. ಒಂದು ಕಾಳು ಕೊಟ್ಟು, ಇದರಲ್ಲಿ ಭ್ರೂಣ ಎಲ್ಲಿದೆ ತೋರಿಸು ಅಂದೆ. ಗೊತ್ತಾಗಲಿಲ್ಲ. ನನಗೆ ತುಂಬಾ ಬೇಜಾರಾಯಿತು. ಡಿಸೆಂಬರ್ ಬಂತೆಂದರೆ ಬೀದಿಬೀದಿಯಲ್ಲಿ ಅವರೆಕಾಯಿ ಸೊಗಡು ಹರಡುವ ಮಂಡ್ಯದ ಮಗು ಅದು.

ಇಬ್ಬರೂ ಕೂತು ಬಿಡಿಸಿ ನೋಡಿದೆವು. ಹಿತಕಿ ಬಿಸಾಡುವ ಸಿಪ್ಪೆಯೇ ಬೀಜಕವಚ. ಕಾಳಿನ ಅಂಚಿನಲ್ಲಿ ಬಿಳಿ ಗೆರೆ ಇದೆಯಲ್ಲ, ಕಾಯಿಗೆ ಕಾಳು ಅಂಟಿಕೊಂಡಿದ್ದ ಜಾಗ ಅದು. ಜಾರಿ ಬರುವ ಎರಡು ಬೇಳೆಗಳೇ ಬೀಜದಳ, ಸಸಿಗೆ ಹಸಿರೆಲೆ ಬರುವ ತನಕ ತಾಯಿಗಿಡ ಕಟ್ಟಿಕೊಟ್ಟ ಬುತ್ತಿ. ಎರಡೂ ಕೂಡುವ ಕಡೆ ಒಂದು ಪುಟ್ಟ ಮೊನೆ ಕಾಣುತ್ತದೆ, ಮೊದಲು ಹೊರಬಂದು ಬೇರಾಗುವುದು ಅದೇ, ಅದರ ಇನ್ನೊಂದು ತುದಿಯಲ್ಲಿ ಬೇಳೆಗಳ ನಡುವೆ ಮುಂದಿನ ಚಿಗುರು ಮಡಚಿಕೊಂಡು ಕೂತಿರುತ್ತದೆ. ಅವಳಿಗೆ ಸಿಗದಿದ್ದ ಭ್ರೂಣ ಇಲ್ಲೇ ಇತ್ತು.

ಆಗ ಅವಳೇ ಕೇಳಿದಳು, ಹಾಗಾದರೆ ಡಬ್ಬದಲ್ಲಿರುವ ತೊಗರಿಬೇಳೆ ಯಾಕಮ್ಮ ಮೊಳಕೆ ಬರಲ್ಲ? ಎಷ್ಟು ಒಳ್ಳೆ ಪ್ರಶ್ನೆ ಅಲ್ವಾ! ಬೇಳೆ ಒಡೆಯುವಾಗ ಆ ಮೊನೆ ಮುರಿದುಹೋಗಿರುತ್ತದೆ. ಅಕ್ಕಿಯದೂ ಅದೇ ಕತೆ. ಮಿಲ್ಲಿನಲ್ಲಿ ಪಾಲಿಶ್ ಮಾಡುವಾಗ ಭತ್ತದ ಭ್ರೂಣ ತೌಡಿನ ಜೊತೆ ಹೋಗುತ್ತದೆ, ನಮ್ಮ ತಟ್ಟೆಗೆ ಬರುವುದು ಬುತ್ತಿ ಮಾತ್ರ.

ಮೊಳಕೆಗೆ ನೀರು, ಗಾಳಿ, ಬಿಸುಪು ಬೇಕು ಅಂತ ಪುಸ್ತಕದಲ್ಲಿದೆ. ನಿಜ. ಆದರೆ ನಮ್ಮ ರೈತರ ಮಕ್ಕಳು ಇದನ್ನು ಮನೆಯಲ್ಲೇ ನೋಡಿರುತ್ತಾರೆ, ಯಾರೂ ಕೇಳಲ್ಲ ಅಷ್ಟೆ. ಒಟ್ಲು (ಸಸಿಮಡಿ) ಬಿಡುವ ಮುಂಚೆ ಭತ್ತವನ್ನು 24 ಗಂಟೆ ನೆನೆಸಿ, ನೀರು ಬಸಿದು, ಗೋಣಿಚೀಲದಲ್ಲಿ ಇನ್ನೊಂದು ದಿನ ಇಡುತ್ತೇವೆ. ಆ ಚೀಲದೊಳಗೆ ಕೈ ಹಾಕಿದರೆ ಬೆಚ್ಚಗಿರುತ್ತದೆ. ಬೀಜ ಉಸಿರಾಡುತ್ತಿದೆ, ಕೂಡಿಟ್ಟ ಹಿಟ್ಟನ್ನು ಕರಗಿಸಿಕೊಂಡು ಬೆಳೆಯುತ್ತಿದೆ, ಆ ಬಿಸಿ ಅದರದ್ದೇ. ಬಸಿಯದೆ ನೀರಲ್ಲೇ ಬಿಟ್ಟರೆ ಗಾಳಿಯಿಲ್ಲದೆ ಕೊಳೆತು ನಾರುತ್ತದೆ. ಇದನ್ನು ಮುಟ್ಟಿ ನೋಡಿದ ಮಗು ಜನ್ಮದಲ್ಲಿ ಮರೆಯಲ್ಲ.

ಹೀಗಾಗಿ ಮೇಷ್ಟ್ರುಗಳಿಗೆ, ಟೀಚರ್‌ಗಳಿಗೆ ನನ್ನದೊಂದು ಕೋರಿಕೆ. ಚಿತ್ರ ಬರೆಸಿ, ಬೇಡ ಅನ್ನಲ್ಲ, ಆದರೆ ಮೊದಲು ಒಂದು ಹಿಡಿ ಒಣ ಅವರೆಕಾಳು, ತೊಗರಿಕಾಳು ತರಿಸಿ. ಹಳೇ ಲೋಟದಲ್ಲಿ ಮಣ್ಣು ತುಂಬಿ ಬಿತ್ತಿಸಿ. ಅವರೆ ತನ್ನ ಎರಡೂ ಬೇಳೆಯನ್ನು ಹೊತ್ತುಕೊಂಡೇ ಮಣ್ಣಿನ ಮೇಲೆ ಬರುತ್ತದೆ, ತೊಗರಿ ಬೇಳೆಯನ್ನು ಮಣ್ಣೊಳಗೇ ಬಿಟ್ಟು ಚಿಗುರನ್ನು ಮಾತ್ರ ಕಳಿಸುತ್ತದೆ. ಯಾಕೆ ಅಂತ ಮಕ್ಕಳೇ ಜಗಳ ಆಡಲಿ. ಸಾಧ್ಯವಾದರೆ ವರ್ಷಕ್ಕೊಮ್ಮೆ ವಿ.ಸಿ. ಫಾರಂ ಅನ್ನುವ ಕೃಷಿ ಸಂಶೋಧನಾ ಕೇಂದ್ರಕ್ಕೂ ಕರೆದುಕೊಂಡು ಹೋಗಿ. ನಮ್ಮ ದೇಶದ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ವಿಜ್ಞಾನಿ ಲಕ್ಷ್ಮಣಯ್ಯನವರು ದುಡಿದ ಜಾಗ ನಮ್ಮೂರ ಪಕ್ಕದಲ್ಲೇ ಇದೆ ಅನ್ನುವುದು ಎಷ್ಟೋ ಮಕ್ಕಳಿಗೆ ಗೊತ್ತೇ ಇಲ್ಲ.

– ಒಬ್ಬ ತಾಯಿ, ಮಂಡ್ಯ