ಬ್ಯಾಂಕಿನ ಬಾಗಿಲು ಮುಚ್ಚಿದೆ, ಗಾಬರಿ ಬೇಡ

ಆನ್ ಆರ್ಬರ್, ಮಿಷಿಗನ್
18-3-1933

ತೀರ್ಥರೂಪರವರಿಗೆ ಸಾಷ್ಟಾಂಗ ನಮಸ್ಕಾರಗಳು. ಅಮ್ಮನಿಗೂ ಅಜ್ಜಿಗೂ ನಮಸ್ಕಾರ, ಸೀತುಗೆ ಆಶೀರ್ವಾದ. ನಾನು ಕ್ಷೇಮ.

ನಿಮ್ಮ ಕಾಗದ ಮೊನ್ನೆ ಬಂತು. ಸೀತುಗೆ ಜ್ಯೇಷ್ಠದಲ್ಲಿ ಲಗ್ನ ಗೊತ್ತಾಗಿದೆ ಅಂತ ಓದಿ ತುಂಬ ಸಂತೋಷವಾಯಿತು. ಕೊನೆಯಲ್ಲಿ 'ನೀನು ಹೇಳಿದ್ದ ಹಣ' ಎಂದು ಬರೆದು ಅಲ್ಲಿಗೇ ನಿಲ್ಲಿಸಿದ್ದೀರಿ. ಆ ಸಾಲನ್ನೇ ನಾಲ್ಕು ಸಲ ಓದಿದೆ.

ಹಣ ಇದೆ, ಅಪ್ಪ. 130 ಡಾಲರ್, ಲೆಕ್ಕಕ್ಕೆ ಪೂರ್ತಿ ಇದೆ. ಬ್ಯಾಂಕಿನ ಬಾಗಿಲು ಮಾತ್ರ ಮುಚ್ಚಿದೆ. ನನ್ನದೊಂದೇ ಅಲ್ಲ. ಫೆಬ್ರವರಿ 14ಕ್ಕೆ ಈ ಸಂಸ್ಥಾನದ ಗವರ್ನರು ಎಲ್ಲ ಬ್ಯಾಂಕುಗಳಿಗೂ ರಜಾ ಕೊಟ್ಟರು. ಮಾರ್ಚ್ 4ಕ್ಕೆ ರೂಸ್‌ವೆಲ್ಟ್ ಅಧಿಕಾರಕ್ಕೆ ಬಂದರು, ಎರಡೇ ದಿನಕ್ಕೆ ಇಡೀ ದೇಶದ ಬ್ಯಾಂಕು ಮುಚ್ಚಿಸಿದರು. ಇದಕ್ಕೂ ರಜಾ ಅಂತಲೇ ಹೆಸರು. ಹಬ್ಬ ಇಲ್ಲ, ಬರೀ ರಜಾ. ಈಗ ಗಟ್ಟಿ ಇರೋ ಬ್ಯಾಂಕುಗಳನ್ನು ಒಂದೊಂದಾಗಿ ತೆರೆಸುತ್ತಿದ್ದಾರೆ. ನಮ್ಮದರ ಸರದಿ ಬಂದಿಲ್ಲ, ಅಷ್ಟೇ.

ಕಳೆದ ಭಾನುವಾರ ರಾತ್ರಿ 10 ಗಂಟೆಗೆ ಅಧ್ಯಕ್ಷರೇ ರೇಡಿಯೋದಲ್ಲಿ ಮಾತಾಡಿದರು. ನಮ್ಮ ಮನೆಯೊಡತಿ ಅಡುಗೆಮನೆಯಿಂದ ಕುರ್ಚಿ ಎಳೆದು ತಂದು ಕೂತರು. ಮಡಿಲಲ್ಲಿ ಕಾಫಿಪುಡಿ ಡಬ್ಬ. ಶಾನುಭೋಗರು ಜಗಲಿ ಮೇಲೆ ಕೂತು ಲೆಕ್ಕ ಬಿಡಿಸಿ ಹೇಳುತ್ತಾರಲ್ಲ, ಹಾಗೇ ಹೇಳಿದರು ರೂಸ್‌ವೆಲ್ಟ್. ನೀವು ಕೊಟ್ಟ ದುಡ್ಡನ್ನು ಬ್ಯಾಂಕಿನವರು ಪೆಟ್ಟಿಗೆಯಲ್ಲಿಟ್ಟು ಕಾಯೋದಿಲ್ಲ, ಸಾಲಕ್ಕೆ ಹಾಕುತ್ತಾರೆ, ಎಲ್ಲರೂ ಒಟ್ಟಿಗೆ ಬಂದು ಕೇಳಿದರೆ ಎಲ್ಲಿಂದ ತರೋದು ಅಂತ. ಹಾಸಿಗೆ ಕೆಳಗೆ ಇಡೋದಕ್ಕಿಂತ ತೆರೆದ ಬ್ಯಾಂಕಿನಲ್ಲಿಡೋದು ಕ್ಷೇಮವಂತೆ. ಆಕೆ ಹೌದೌದು ಅಂತ ತಲೆ ಆಡಿಸಿದರು. ಡಬ್ಬದ ಮುಚ್ಚಳವನ್ನು ಮಾತ್ರ ಇನ್ನೊಂದು ಸಲ ಒತ್ತಿದರು. ಅಜ್ಜಿಯ ಸಾಸಿವೆ ಡಬ್ಬಿ ನೆನಪಾಯಿತು.

ಅಮ್ಮ ಇಲ್ಲಿನ ಹುಡುಗಿಯರ ಬಗ್ಗೆ ಕೇಳಿದ್ದಾರೆ. ಹೌದು, ಕೂದಲು ಗಿಡ್ಡ ಕತ್ತರಿಸುತ್ತಾರೆ, ಕಾರು ಓಡಿಸುತ್ತಾರೆ. 1920ರಿಂದ ದೇಶದ ಎಲ್ಲ ಕಡೆ ಓಟೂ ಇದೆ. ಮಂಡಿ ತನಕ ಏರಿದ್ದ ಲಂಗ, 1929ರಲ್ಲಿ ಷೇರು ಬಿದ್ದ ಮೇಲೆ ಮತ್ತೆ ಕೆಳಗಿಳಿದಿದೆ. ಅಮ್ಮನಿಗೆ ಸಮಾಧಾನ ಆಗಬಹುದು. ಈ ಮನೆ ಮಗಳು ಹುಡುಗನನ್ನು ತಾನೇ ಒಪ್ಪಿದ್ದಾಳೆ. ಜಾತಕ ಇಲ್ಲ, ವರದಕ್ಷಿಣೆ ಇಲ್ಲ. ಆದರೂ ಮದುವೆ ಎರಡು ಸಲ ಮುಂದಕ್ಕೆ ಹೋಗಿದೆ. ಹುಡುಗನ ಕಾರ್ಖಾನೆ ಕೆಲಸ ಹೋಯಿತು. ಇವಳದು ಟೈಪಿಂಗ್ ಕೆಲಸ, ಆದರೆ ಈಗ ಮದುವೆಯಾದ ಹೆಂಗಸರನ್ನೇ ಮೊದಲು ಕೆಲಸದಿಂದ ತೆಗೆಯೋದು. ಇಂಥ ಮನೆ ಊರಲ್ಲಿ ಬೇಕಾದಷ್ಟಿವೆ. ಮದುವೆ ಮುಂದಕ್ಕೆ ಹಾಕೋದು ಅವಮಾನವೇನಲ್ಲ ಅಂತ ಹೇಳಲು ಬಂದೆ, ಆದರೆ ಬೀಗರ ಮುಂದೆ ಇದನ್ನೆಲ್ಲ ಎತ್ತಬೇಡಿ.

ಕುಡಿತದ ವಿಷಯ ಸುಬ್ಬಣ್ಣ ಮಾವನಿಗೆ ಹೇಳಿ, ಇಲ್ಲಿ 13 ವರ್ಷದಿಂದ ಹೆಂಡ ಮಾರೋದೇ ಅಪರಾಧ. ಡೆಟ್ರಾಯಿಟ್ ನದಿ ದಾಟಿದರೆ ಕೆನಡಾ, ಹೆಪ್ಪುಗಟ್ಟಿದ ನೀರಿನ ಮೇಲೆ ಕಾರಿನಲ್ಲೇ ಸರಕು ಬರುತ್ತೆ ಅನ್ನೋದನ್ನು ಹೇಳಬೇಡಿ.

ನನ್ನ ಊಟಕ್ಕೆ ಒಂಚೂರೂ ತೊಂದರೆ ಇಲ್ಲ. ಅಂಗಡಿಯವರು ಚೀಟಿ ಬರೆಸಿಕೊಂಡು ಸಾಲ ಕೊಡುತ್ತಾರೆ. ಬಾಡಿಗೆ ಬದಲು ಬೆಳಗ್ಗೆ 5ಕ್ಕೆ ಎದ್ದು ನೆಲಮಾಳಿಗೆಯ ಒಲೆಗೆ ಕಲ್ಲಿದ್ದಲು ತುಂಬುತ್ತೇನೆ. ಒಳ್ಳೆ ವ್ಯಾಯಾಮ. ಇಲ್ಲಿ ದೊಡ್ಡ ಮನೆತನದ ಹುಡುಗರೂ ಮಾಡುತ್ತಾರೆ, ಅಜ್ಜಿಗೆ ಮಾತ್ರ ಗೊತ್ತಾಗೋದು ಬೇಡ. ದಪ್ಪ ಕೋಟು ಮಾರಿದೆ, ಚಳಿ ಹೇಗೂ ಮುಗಿಯುತ್ತಾ ಬಂತು. ಕಿಟಕಿ ಆಚೆ ಹಿಮ ಬೀಳೋದು ನೋಡೋಕೆ ಬಲು ಚೆನ್ನ. ಕಳಿಸಿದ ಫೋಟೋದಲ್ಲಿ ಸಣ್ಣಗೆ ಕಂಡರೆ ಅದು ಬೆಳಕಿನ ದೋಷ.

ಬ್ಯಾಂಕು ತೆರೆದ ದಿನವೇ ತಂತಿ ಕೊಡುತ್ತೇನೆ. ಅಲ್ಲಿಯವರೆಗೆ ಶೆಟ್ಟರ ಹತ್ತಿರ ಕೈಸಾಲ ಕೇಳಿ ನೋಡಿ. ಅಮ್ಮನ ಬಳೆ ಅಡ ಇಡಬೇಡಿ. ಖಂಡಿತ ಇಡಬೇಡಿ. ಟಪಾಲು ಕಟ್ಟೋ ಹೊತ್ತಾಯಿತು, ಓಡಬೇಕು.

ನಿಮ್ಮ ಮಗ,
ರಾಘು