ಮಳೆಗೆ ನಿದ್ದೆ ಬಾರದವಳಿಗೆ

ಭಾಗಮಂಡಲ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ತಲುಪಿತು. ಶುಂಠಿ ರೇಟು, ಮನೆ ಸಾಲ, ಅವೆಲ್ಲ ಇರಲಿ. ‘ರಾತ್ರಿ ಮಳೆ ಜೋರಾದರೆ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂತೇ ಇರುತ್ತೇನೆ ಮಾವ’ ಅಂತ ಕೊನೆಯಲ್ಲಿ ಬರೆದಿದ್ದೀಯಲ್ಲ, ಅದೊಂದು ಸಾಲು ನನ್ನ ನಿದ್ದೆಯನ್ನೂ ಕೆಡಿಸಿತು.

ಹೆದರಬೇಡ ಅಂತ ಬರೆಯಲು ನನಗೆ ಬಾಯಿಲ್ಲ. 2018, 2019ರ ಪ್ರವಾಹ ಎರಡನ್ನೂ ನೋಡಿದವಳು ನೀನು. ನೀರು ಇಳಿದ ಮೇಲೆ ನಿಮ್ಮ ಅಡುಗೆಮನೆಗೆ ಬಂದಿದ್ದೆ. ಅಕ್ಕಿ ಡ್ರಮ್ಮಿನ ಮುಚ್ಚಳ ತೆಗೆದರೆ ಅಕ್ಕಿಯೆಲ್ಲ ಉಬ್ಬಿ ಹುಳಿ ವಾಸನೆ. ಇನ್ನೂ ಮೂಗಿನಲ್ಲಿದೆ.

ಕುಶಾಲನಗರದ ನಿಮ್ಮ ಬಡಾವಣೆ ನಿನ್ನ ಅಜ್ಜನ ಕಾಲಕ್ಕೆ ಬರೀ ಗದ್ದೆ. ಆಷಾಢದಲ್ಲಿ ಕಾವೇರಿ ಹೊಳೆ ಬರುತ್ತಿತ್ತು, ನಿಂತು ಹೋಗುತ್ತಿತ್ತು. ನಾಟಿ ಕೊಚ್ಚಿಹೋದರೆ ಅಜ್ಜ ಬೈದುಕೊಂಡೇ ಮತ್ತೆ ನೆಡಿಸುತ್ತಿದ್ದರು. ಮನೆ ಮಾತ್ರ ದಿಬ್ಬದ ಮೇಲೆ. ಗದ್ದೆ ಸೈಟಾಗುವಾಗ ನಾನು ಮೈಸೂರಿನಲ್ಲಿ ಕೆಲಸಕ್ಕಿದ್ದೆ. ಊರಲ್ಲಿದ್ದರೂ ತಡೆಯುತ್ತಿದ್ದೆನಾ? ಒಳ್ಳೆ ರೇಟು ಬಂದಿತ್ತು. ಈಗ ಅದೇ ಜಾಗದಲ್ಲಿ ನೀನು ಮಗು ಹಿಡಿದು ಕೂತಿದ್ದೀಯ.

ಒಂದು ಮಾತು, ತಪ್ಪು ತಿಳಿಯಬೇಡ. ನಿನ್ನ ತಾರಸಿ ಮೇಲೆ ಬೀಳುವ ಮಳೆಗೆ ಹೊಳೆ ಅಷ್ಟು ಏರುವುದಿಲ್ಲ. ಕುಶಾಲನಗರದಲ್ಲಿ ಮಳೆಯೇ ಕಡಿಮೆ ಅಲ್ವಾ. ಇಲ್ಲಿ ಮೇಲೆ, ಭಾಗಮಂಡಲದಲ್ಲಿ ಸುರಿದರೆ ನಿಮ್ಮಲ್ಲಿ ಬಿಸಿಲಿದ್ದರೂ ಏರುತ್ತದೆ. ನೀನು ಹಾರಂಗಿ ಡ್ಯಾಮಿನ ಸುದ್ದಿಯನ್ನೇ ಕಾಯುತ್ತೀಯ. ಹಾರಂಗಿ ಕಾವೇರಿಗೆ ಸೇರುವುದು ಕೂಡಿಗೆಯಲ್ಲಿ, ನಿಮ್ಮೂರು ದಾಟಿದ ಮೇಲೆ. ಅದು ತುಂಬಿ ಬಂದರೆ ನಿಮ್ಮಲ್ಲಿ ನೀರು ಇಳಿಯುವುದು ತಡವಾಗಬಹುದು, ನಿಜ. ಆದರೆ ಬಾಗಿಲಿಗೆ ಬರುವುದು ನಮ್ಮ ಕಡೆಯ ನೀರು. ತಲಕಾವೇರಿಯಿಂದ ನಿಮ್ಮ ತನಕ ಅದನ್ನು ಹಿಡಿದಿಡುವ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಇಲ್ಲಿ ತ್ರಿವೇಣಿ ಸಂಗಮ ಮುಳುಗಿ ನಾಪೋಕ್ಲು ರಸ್ತೆಗೆ ನೀರು ಬಂತು ಅಂದರೆ, ಆ ನೀರು ಬೇತ್ರಿ, ನೆಲ್ಲಿಹುದಿಕೇರಿ, ದುಬಾರೆ ಸುತ್ತಿಕೊಂಡು ನಿಮ್ಮಲ್ಲಿಗೆ ಬರಬೇಕು. ಸಾಮಾನು ಎತ್ತಿಡುವಷ್ಟು ಹೊತ್ತು ಸಿಗುತ್ತದೆ. ಹಾಗಾಗಿ ಸುಮ್ನೆ ತಾರಸಿ ಸದ್ದಿಗೆ ಕಿವಿಗೊಟ್ಟು ಕೂರಬೇಡ. ಇಷ್ಟು ಹೇಳಿದರೂ ನೀನು ಕೂರುತ್ತೀಯ ಅಂತ ಗೊತ್ತು, ನಿನ್ನ ಅಮ್ಮನೂ ಹಾಗೇ.

ಆಧಾರ್, ಮನೆ ಪತ್ರ, ಮಗುವಿನ ಔಷಧಿ ಒಂದೇ ಚೀಲದಲ್ಲಿರಲಿ. ಮನೆ ಮಾರುವ ವಿಷಯ ಮಾತ್ರ ನನ್ನನ್ನು ಕೇಳಬೇಡ, ಸಾಲ ಕಟ್ಟುವವರು ನೀವು.

ಮಳೆ ಹಿಡಿದರೆ ದಿನಾ ಸಂಜೆ ಸಂಗಮ ನೋಡಿ ಬಂದು ಫೋನ್ ಮಾಡುತ್ತೇನೆ. ಕರೆಂಟ್ ಹೋದರೆ ಇಲ್ಲಿ ಟವರೂ ಸಿಗುವುದಿಲ್ಲ, ಜುಲೈಯಲ್ಲಿ ಅದೇ ಜಾಸ್ತಿ. ಫೋನ್ ಬರಲಿಲ್ಲ ಅಂದರೆ ಕತ್ತಲಾಗುವ ಮೊದಲೇ ಮಗುವನ್ನು ಎತ್ತಿಕೊಂಡು ಚಿಕ್ಕಮ್ಮನ ಮನೆಗೆ ಹೋಗಿಬಿಡು. ಅವಳಿಗೆ ನಾನೇ ಹೇಳಿಟ್ಟಿದ್ದೇನೆ.

ನಿನ್ನ ಮಾವ