ನಾಣ್ಯದ ತಪ್ಪು ಟಂಕಸಾಲೆಯದೋ, ಸುತ್ತಿಗೆಯದೋ?

ಮಾನ್ಯ ಸಂಪಾದಕರೇ,

ವೈಷ್ಣೋದೇವಿಯ ಚಿತ್ರವಿರುವ 5 ರೂಪಾಯಿಯ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆಯಿದೆ, ಇಸವಿಯ ಕೆಳಗೆ ಟಂಕಸಾಲೆಯ ಗುರುತಿಲ್ಲದ ನಾಣ್ಯ ‘ಮಿಂಟ್ ಎರರ್’, ಅಂದರೆ ಟಂಕಸಾಲೆಯಲ್ಲೇ ದೋಷವಾದ ನಾಣ್ಯ, ಎಂಬಂಥ ಮಾತುಗಳು ಮೊಬೈಲುಗಳಿಂದ ಈಗ ಸುದ್ದಿಪುಟಗಳಿಗೂ ದಾಟುತ್ತಿವೆ. ಮೊದಲನೆಯದು 2012ರ ಸ್ಮರಣಾರ್ಥ ನಾಣ್ಯವಷ್ಟೆ, ಅದರಲ್ಲಿ ತಪ್ಪೇನೂ ಇಲ್ಲ. ಇನ್ನು ಗುರುತಿನ ವಿಚಾರ: ಮುಂಬೈ ಟಂಕಸಾಲೆ ವಜ್ರಾಕೃತಿಯನ್ನೂ ಹೈದರಾಬಾದ್ ನಕ್ಷತ್ರವನ್ನೂ ನೋಯ್ಡಾ ಚುಕ್ಕೆಯನ್ನೂ ಹಾಕುತ್ತವೆ, ಕೋಲ್ಕತ್ತ ಏನನ್ನೂ ಹಾಕುವುದಿಲ್ಲ. ಹಾಗಾಗಿ ಗುರುತಿಲ್ಲವೆಂಬುದೇ ದೋಷವಲ್ಲ.

ನಿಜವಾದ ದೋಷವನ್ನು ಗುರುತಿಸಬೇಕಾದರೆ ನಾಣ್ಯ ಹುಟ್ಟುವ ಬಗೆಯನ್ನು ತಿಳಿದಿರಬೇಕು: ಲೋಹದ ಬಿಲ್ಲೆಯನ್ನು ಚಿತ್ರವಿರುವ ಎರಡು ಅಚ್ಚುಗಳ (ಡೈ) ನಡುವೆ ಇಟ್ಟು ಒತ್ತುತ್ತಾರೆ. ಅಚ್ಚಿನಲ್ಲೇ ಇರುವ ದೋಷ ಆ ಅಚ್ಚಿನಿಂದ ಬಂದ ಎಲ್ಲ ನಾಣ್ಯಗಳಲ್ಲೂ ಮರುಕಳಿಸುತ್ತದೆ, ಆದ್ದರಿಂದ ಸಂಗ್ರಾಹಕರು ಅದನ್ನು ‘ಡೈ ವೆರೈಟಿ’ ಎನ್ನುತ್ತಾರೆ. ಒತ್ತುವ ಗಳಿಗೆಯಲ್ಲಿ ಆದ ಎಡವಟ್ಟು ಸಾಮಾನ್ಯವಾಗಿ ಆ ಒಂದು ನಾಣ್ಯಕ್ಕೇ ಸೀಮಿತ. ಅಕ್ಷರಗಳು ಜೋಡಿಯಾಗಿ ಕಂಡೊಡನೆ ‘ಡಬಲ್ ಡೈ’ ಎಂದು ಹಿಗ್ಗುವವರು ಭೂತಗನ್ನಡಿ ಹಿಡಿದು ನೋಡಬೇಕು. ಅಚ್ಚಿನಲ್ಲೇ ಚಿತ್ರ ಎರಡು ಬಾರಿ ಮೂಡಿದ್ದರೆ, ಅಂದರೆ ಅದು ನಿಜವಾದ ‘ಡಬಲ್ ಡೈ’ ಆಗಿದ್ದರೆ, ಎರಡನೆಯ ಗೆರೆಯೂ ಉಬ್ಬಿದ್ದು, ಅಕ್ಷರದ ತುದಿಗಳು ಕವಲೊಡೆದಂತಿರುತ್ತವೆ. ಒತ್ತುವಾಗ ಅಚ್ಚು ಅದುರಿದ್ದರೆ ಅಕ್ಷರದ ಅಂಚು ಮೆಟ್ಟಿಲಿನಂತೆ ಚಪ್ಪಟೆಯಾಗಿರುತ್ತದೆ, ಅದಕ್ಕೆ ಹೆಚ್ಚಿನ ಬೆಲೆಯಿಲ್ಲ.

ಅಂಚು ತುಂಡಾದ ನಾಣ್ಯಕ್ಕೂ ಪರೀಕ್ಷೆಯಿದೆ. ಬಿಲ್ಲೆಯನ್ನು ಕತ್ತರಿಸುವಾಗಲೇ ಅದು ಅರ್ಧಚಂದ್ರಾಕಾರವಾಗಿ ಕೊರೆದುಹೋಗಿದ್ದರೆ, ಸರಿಯಾಗಿ ಅದರ ಎದುರಿನ ಅಂಚೂ ಬಹುಮಟ್ಟಿಗೆ ಮಸುಕಾಗಿ ಮೂಡಿರುತ್ತದೆ. ಅರದಿಂದ ಉಜ್ಜಿ ಮಾಡಿದ ಮೋಸದಲ್ಲಿ ಈ ಲಕ್ಷಣ ಬರಲಾರದು. ಸಂಗ್ರಾಹಕರು ‘ಲಾಖಿ’ ಎಂದು ಕರೆಯುವ ನಾಣ್ಯವನ್ನಂತೂ ಹೆಚ್ಚು ಎಚ್ಚರದಿಂದ ನೋಡಬೇಕು. ಆಗಷ್ಟೇ ಒತ್ತಿದ ನಾಣ್ಯವೊಂದು ಅಚ್ಚಿಗೆ ಅಂಟಿಕೊಂಡು, ಮುಂದಿನ ಬಿಲ್ಲೆಯ ಮೇಲೆ ಅದರ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ, ತಗ್ಗಾಗಿ ಒತ್ತಿದಾಗ ಅದು ಹುಟ್ಟುತ್ತದೆ. ಎರಡು ನಾಣ್ಯಗಳನ್ನು ಇಕ್ಕಳದಲ್ಲಿಟ್ಟು ಬಿಗಿದರೂ ತಿರುಗುಮುರುಗಾದ ಗುರುತು ಬೀಳುತ್ತದೆ, ಆದರೆ ಅಲ್ಲಿ ಮೊದಲೇ ಇದ್ದ ಚಿತ್ರ ಜಜ್ಜಿಹೋಗಿ ಕೆಳಗೆ ಉಳಿದಿರುತ್ತದೆ.

ಹಳೆಯ ನಾಣ್ಯಗಳ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಐದನೇ ಜಾರ್ಜ್‌ನ 1911ರ ರೂಪಾಯಿಯಲ್ಲಿ ಅರಸನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಆಕ್ಷೇಪ ಬಂದು, 1912ರಲ್ಲಿ ಚಿತ್ರವನ್ನೇ ತಿದ್ದಿದರು. ‘ಹಂದಿ ರೂಪಾಯಿ’ ಎಂಬ ಹೆಸರು ಬಿತ್ತೆಂಬ ಮಾತ್ರಕ್ಕೆ ಅದನ್ನು ಟಂಕಸಾಲೆಯ ದೋಷವೆನ್ನಲಾಗದು, ಅದು ವಿನ್ಯಾಸದ ಎಡವಟ್ಟು. ನಮ್ಮ ಟಿಪ್ಪುವಿನ ಆನೆಕಾಸುಗಳನ್ನು ಕೈಯಿಂದ ಹೊಡೆದು ಮಾಡುತ್ತಿದ್ದುದರಿಂದ ಚಿತ್ರ ಮಧ್ಯದಿಂದ ಸರಿದಿರುವುದು ಅಲ್ಲಿ ಮಾಮೂಲು. ಅದನ್ನು ‘ಆಫ್ ಸೆಂಟರ್’ ಎಂದು ಹೆಚ್ಚಿನ ಬೆಲೆಗೆ ಮಾರುವವರನ್ನು ಕಂಡರೆ ನಗಬೇಕೋ ಸಿಟ್ಟಾಗಬೇಕೋ ತಿಳಿಯದು.

ಹಳೆಯ ನಾಣ್ಯಗಳನ್ನು ಕೊಳ್ಳುತ್ತೇವೆಂದು ತನ್ನ ಹೆಸರಿನಲ್ಲಿ ಶುಲ್ಕ ಕೇಳುವ ವಂಚಕರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಇನ್ನು ಮುಂದೆ ಇಂಥ ಸುದ್ದಿ ಪ್ರಕಟಿಸುವ ಮುನ್ನ ನಾಣ್ಯದ ಎರಡೂ ಬದಿಯ ಹಾಗೂ ಅಂಚಿನ ಚಿತ್ರ, ಗ್ರಾಂಗಳಲ್ಲಿ ಅದರ ತೂಕ, ಮಾರುವವನು ಹೇಳಿದ ಬೆಲೆಯ ಬದಲು ಹರಾಜಿನಲ್ಲಿ ನಿಜವಾಗಿ ಬಂದ ಬೆಲೆ, ಇಷ್ಟನ್ನಾದರೂ ಕೇಳಿ ಪಡೆಯಬೇಕೆಂದು ತಮ್ಮಲ್ಲಿ ವಿನಂತಿ.

– ಓರ್ವ ನಾಣ್ಯ ಸಂಗ್ರಾಹಕ, ಮೈಸೂರು